ಜೋಜಿಲಾ ಹತ್ತಿದ ಟ್ಯಾಂಕು, ಅದರೊಳಗೆ ಕೂತಿದ್ದ ಜನರಲ್

ಬೆಂಗಳೂರಿನ ರಿಚ್ಮಂಡ್ ರಸ್ತೆಗೆ ಜನರಲ್ ತಿಮ್ಮಯ್ಯನವರ ಹೆಸರಿಟ್ಟಿದ್ದಾರೆ. ಅವರು ಯಾರು ಅಂತ ಕೇಳಿದರೆ ಕೊಡಗಿನವರು, ಸೇನಾ ಮುಖ್ಯಸ್ಥರಾಗಿದ್ದವರು ಅನ್ನುವ ಉತ್ತರ ಸಿಗುತ್ತದೆ. ಸರಿಯೇ. ಆದರೆ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಅಂದರೆ ನನಗೆ ಮೊದಲು ನೆನಪಾಗುವುದು 1948ರ ನವೆಂಬರ್ 1. ಈಗ ನಾವು ರಾಜ್ಯೋತ್ಸವ ಮಾಡುತ್ತೇವಲ್ಲ, ಅದೇ ತಾರೀಖು.

ಆಗ ಕಾಶ್ಮೀರಕ್ಕಾಗಿ ಪಾಕಿಸ್ತಾನದ ಜೊತೆ ಯುದ್ಧ ನಡೆದಿತ್ತು. ಆ ವರ್ಷ ಬೇಸಿಗೆಯ ಹೊತ್ತಿಗೆ ದ್ರಾಸ್, ಕಾರ್ಗಿಲ್, ಜೋಜಿಲಾ ಕಣಿವೆದಾರಿ ಮೂರೂ ನಮ್ಮ ಕೈತಪ್ಪಿದ್ದವು. ಶ್ರೀನಗರದಿಂದ ಲೇಹ್‌ಗೆ ಹೋಗೋಕೆ ಇದ್ದದ್ದು ಆ ದಾರಿ. ಜೋಜಿಲಾ 11,500 ಅಡಿ ಎತ್ತರದಲ್ಲಿದೆ. ಎರಡೂ ಕಡೆ ಬಂಡೆಗಳ ಸಂದಿಯಲ್ಲಿ, ಗುಹೆಗಳಲ್ಲಿ ಶತ್ರುಗಳ ಮೆಷಿನ್ ಗನ್‌ಗಳು. ಸೆಪ್ಟೆಂಬರ್‌ನಲ್ಲಿ ನಮ್ಮ ಕಾಲಾಳುಗಳು ನುಗ್ಗಲು ನೋಡಿದರು, ಆಗಲಿಲ್ಲ. ಹಿಮ ಬಿದ್ದು ದಾರಿ ಮುಚ್ಚಿದರೆ ಮುಂದಿನ ಬೇಸಿಗೆವರೆಗೆ ಲೇಹ್ ಒಂಟಿ.

ಆಗ ಅಲ್ಲಿ ಡಿವಿಷನ್ ಕಮಾಂಡರ್ ಆಗಿದ್ದವರು ಮೇಜರ್ ಜನರಲ್ ತಿಮ್ಮಯ್ಯ. ಟ್ಯಾಂಕು ತರಿಸೋಣ ಅಂದರು. ಅಷ್ಟು ಎತ್ತರದಲ್ಲಿ ಅದುವರೆಗೆ ಯಾರೂ ಟ್ಯಾಂಕು ಬಳಸಿರಲಿಲ್ಲ! 7ನೇ ಕ್ಯಾವಲ್ರಿ ಅನ್ನುವ ಟ್ಯಾಂಕು ದಳದ ಸ್ಟುವರ್ಟ್ ಟ್ಯಾಂಕುಗಳ ಟರೆಟ್ (ಫಿರಂಗಿ ಇರುವ ಮೇಲ್ಭಾಗ) ಬಿಚ್ಚಿ, ಜಮ್ಮು ಕಡೆಯಿಂದ ಗುಟ್ಟಾಗಿ ಶ್ರೀನಗರ ದಾಟಿಸಿ ಜೋಜಿಲಾ ಬುಡದ ಬಾಲ್ತಾಲ್‌ಗೆ ತಂದರು. ಸ್ಟುವರ್ಟ್ ಹಗುರ ಟ್ಯಾಂಕು ಅಂತಲೇ ಹೆಸರು, ಆದರೂ ಸುಮಾರು 15 ಟನ್ ತೂಕ. ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ಹೋಗುವ ದಾರಿ, ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ. ಅದನ್ನು ಕಡಿದು ಅಗಲ ಮಾಡಿ ಟ್ಯಾಂಕು ಹತ್ತುವ ಹಾಗೆ ಮಾಡಿದವರು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್, ನಮ್ಮ ಹಲಸೂರು ಕೆರೆ ಪಕ್ಕ ಕೇಂದ್ರ ಇರುವ ಅದೇ ದಳ. ಗುಂಡು ಯಾವ ಕಡೆಯಿಂದ ಬರುತ್ತೋ ಗೊತ್ತಿಲ್ಲದ ಜಾಗದಲ್ಲಿ ಗುದ್ದಲಿ ಹಿಡಿದು ನಿಲ್ಲುವುದು ಸಣ್ಣ ಧೈರ್ಯ ಅಲ್ಲ. ಇವರ ಬಗ್ಗೆ ನಾವು ಮಾತಾಡುವುದು ತೀರಾ ಕಡಿಮೆ.

ಹವಾಮಾನ ಕೆಟ್ಟು ದಾಳಿ ಮುಂದಕ್ಕೆ ಹೋಯಿತು. ಕೊನೆಗೆ ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕುಗಳು ಹತ್ತಿದವು. ಮುಂಚೂಣಿಯ ಟ್ಯಾಂಕಿನಲ್ಲಿ ತಿಮ್ಮಯ್ಯ ತಾವೇ ಇದ್ದರು.

ಇಡೀ ಡಿವಿಷನ್ನಿನ ಜವಾಬ್ದಾರಿ ಹೊತ್ತವರು ಅಲ್ಲಿರಬೇಕಾಗಿರಲಿಲ್ಲ. ಹಿಂದೆ ಕೂತು ವೈರ್‌ಲೆಸ್‌ನಲ್ಲಿ ಕೇಳಿಸಿಕೊಂಡಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಒಂದು ಟ್ಯಾಂಕು ಆ ಇಕ್ಕಟ್ಟಿನಲ್ಲಿ ಕೆಟ್ಟು ನಿಂತರೆ ಹಿಂದಿನವೆಲ್ಲ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಸ್ಟುವರ್ಟ್ ಒಳಗೆ ನಾಲ್ಕು ಜನಕ್ಕೇ ಜಾಗ ಸಾಲದು, ಆ ಚಳಿಯಲ್ಲಿ ಸುತ್ತಲೂ ಬರೀ ಕಬ್ಬಿಣ, ಮೇಲಿಂದ ಗುಂಡಿನ ಸುರಿಮಳೆ. ನನ್ನ ಪ್ರಕಾರ ಅವರು ಅಲ್ಲಿ ಕೂತದ್ದು ಹುಂಬತನಕ್ಕಲ್ಲ. ‘ಈ ಯೋಚನೆ ನನ್ನದು, ಎಡವಟ್ಟಾದರೆ ನಾನೂ ನಿಮ್ಮ ಜೊತೆಗೇ ಇರುತ್ತೇನೆ’ ಅಂತ ಹುಡುಗರಿಗೆ ಗೊತ್ತಾಗಬೇಕಿತ್ತು, ಬಾಯಲ್ಲಿ ಹೇಳಿದರೆ ಅದು ಗೊತ್ತಾಗುವ ವಿಷಯ ಅಲ್ಲ.

ಅದೇ ವರ್ಷ ಮೇ 24ರಂದೂ ಅವರು ಹೀಗೇ ಮಾಡಿದ್ದರು. ಲೇಹ್‌ನಲ್ಲಿ ಸರಿಯಾದ ವಿಮಾನ ನಿಲ್ದಾಣವೇ ಇರಲಿಲ್ಲ, ಆತುರಾತುರವಾಗಿ ಮಾಡಿದ ಒಂದು ಮಣ್ಣಿನ ಪಟ್ಟಿ ಇತ್ತು ಅಷ್ಟೇ. ಏರ್ ಕಮೋಡೋರ್ ಮೆಹರ್ ಸಿಂಗ್ ಅಲ್ಲಿ ಮೊದಲ ಸಲ ಡಕೋಟಾ ವಿಮಾನ ಇಳಿಸಿದಾಗ ತಿಮ್ಮಯ್ಯ ಅದರಲ್ಲಿದ್ದರು. ಯೋಧರನ್ನು ಹೊತ್ತ ವಿಮಾನಗಳು ಬಂದದ್ದು ಆಮೇಲೆ.

ಜೋಜಿಲಾದಲ್ಲಿ ಟ್ಯಾಂಕು ಬರುತ್ತದೆ ಅಂತ ಎದುರಿನವರು ಕನಸಲ್ಲೂ ಎಣಿಸಿರಲಿಲ್ಲ. ಗುಹೆಗಳ ಬಾಯಿಗೇ ಶೆಲ್ ಬೀಳತೊಡಗಿದಾಗ ಜಾಗ ಬಿಟ್ಟು ಓಡಿದರು. ಟ್ಯಾಂಕುಗಳ ಹಿಂದೆಯೇ ಕಾಲಾಳುಗಳು ನುಗ್ಗಿದರು, ಅದೇ ದಿನ ಜೋಜಿಲಾದ ಆಚೆಗಿನ ಗುಮ್ರಿವರೆಗೆ ದಾರಿ ತೆರೆಯಿತು. ಟ್ಯಾಂಕು ಪಡೆ ನಡೆಸಿದ ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಅವರಿಗೆ ಮಹಾವೀರ ಚಕ್ರ ಬಂತು. ನವೆಂಬರ್ 15ಕ್ಕೆ ದ್ರಾಸ್, ಆ ತಿಂಗಳು ಮುಗಿಯುವುದರೊಳಗೆ ಕಾರ್ಗಿಲ್ ವಾಪಸ್ ಬಂತು. ಲೇಹ್ ದಾರಿ ಸಿಕ್ಕಿತು. 1999ರಲ್ಲಿ ಕಾರ್ಗಿಲ್ ಬೆಟ್ಟಗಳ ಮೇಲೆ ಕೂತವರು ಗುರಿ ಇಟ್ಟದ್ದೂ ಇದೇ ಶ್ರೀನಗರ–ಲೇಹ್ ರಸ್ತೆಗೆ.

ಮಡಿಕೇರಿಯಲ್ಲಿ ಅವರು ಹುಟ್ಟಿ ಬೆಳೆದ ಮನೆ ‘ಸನ್ನಿಸೈಡ್’ ಈಗ ಮ್ಯೂಸಿಯಂ. ರಾಜಾ ಸೀಟ್, ಅಬ್ಬಿ ಫಾಲ್ಸ್ ಅಂತ ಹೋದಾಗ ಮಕ್ಕಳನ್ನು ಅಲ್ಲಿಗೂ ಕರೆದುಕೊಂಡು ಹೋಗಿ. ಜೋಜಿಲಾ ಕಥೆ ಹೇಳಿ.