ಕೆಮ್ಮಣ್ಣುಗುಂಡಿಯಲ್ಲಿ ಸಮುದ್ರದ ತಳ

ಕೆಮ್ಮಣ್ಣುಗುಂಡಿಗೆ ಹೋಗುವವರು ಸಾಮಾನ್ಯವಾಗಿ ಝಡ್ ಪಾಯಿಂಟ್, ಹೆಬ್ಬೆ ಜಲಪಾತ, ರಾಜಭವನದ ಹೂತೋಟ ಅಂತ ಲೆಕ್ಕ ಹಾಕಿಕೊಂಡು ಹೋಗುತ್ತಾರೆ. ನಾವು ಹೋಗಿದ್ದು ಕಲ್ಲು ನೋಡೋಕೆ. ಅಕ್ಕನ ಮಗಳು ಗೋವಾದಲ್ಲಿ ಸಮುದ್ರದ ನೀರಿನ ರಸಾಯನಶಾಸ್ತ್ರ ಓದುತ್ತಿದ್ದಾಳೆ. ರಜೆಗೆ ಶಿವಮೊಗ್ಗಕ್ಕೆ ಬಂದವಳು, "ಮಾವ, ಗಾಡಿ ತೆಗೀರಿ, ಸಮುದ್ರದ ತಳ ತೋರಿಸ್ತೀನಿ" ಅಂದಳು. ಕಡಲು ಇರುವುದು ಪಶ್ಚಿಮಕ್ಕೆ, ಅವಳು ಕೈ ತೋರಿಸಿದ್ದು ದಕ್ಷಿಣಕ್ಕೆ.

ಭದ್ರಾವತಿ ದಾಟುವಾಗ ಕಬ್ಬಿಣದ ಕಾರ್ಖಾನೆ ನೆನಪಾಗದೇ ಇರುವುದಿಲ್ಲ. 1918ರಲ್ಲಿ ಹುಟ್ಟಿ, 1923ರಲ್ಲಿ ಕುಲುಮೆ ಹೊತ್ತಿಸಿದ ಕಾರ್ಖಾನೆ ಅದು. ಅದಕ್ಕೆ ಅದಿರು ಬರುತ್ತಿದ್ದದ್ದು ನಾವು ಹೊರಟಿದ್ದ ಇದೇ ಗುಡ್ಡದಿಂದ, ರೋಪ್‌ವೇ ಮೇಲೆ ತೊಟ್ಟಿಗಳಲ್ಲಿ ಇಳಿದು. ತರೀಕೆರೆಯಲ್ಲಿ ದೋಸೆ ತಿಂದೆವು. ಲಿಂಗದಹಳ್ಳಿ ಕಳೆದ ಮೇಲೆ ಕಾಫಿ ತೋಟ, ಆಮೇಲೆ ಬರೀ ತಿರುವು.

ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಝಡ್ ಪಾಯಿಂಟ್ ದಾರಿಯಲ್ಲಿ ಮಂಜು, ಕಾಲಿಗೆ ಉಂಬಳ. ಒಂದು ಕಡೆ ಗುಡ್ಡ ಕಡಿದಿದ್ದಲ್ಲಿ ಅವಳು ನಿಂತಳು. ಅಂಗೈಯಗಲದ ಒಂದು ಚೂರು ಎತ್ತಿ ನನ್ನ ಕೈಗಿಟ್ಟಳು. ಇಷ್ಟು ಚಿಕ್ಕ ಕಲ್ಲು ಇಷ್ಟು ಭಾರ ಇರುತ್ತದೆ ಅಂದುಕೊಂಡಿರಲಿಲ್ಲ. ಒದ್ದೆ ಮಣ್ಣು ಒರೆಸಿದರೆ ಪಟ್ಟೆ ಪಟ್ಟೆ: ಬೂದುಗಪ್ಪು ಒಂದು ಗೆರೆ, ಅದರ ಪಕ್ಕ ಇಟ್ಟಿಗೆ ಕೆಂಪು, ನಡುವೆ ಬೆಳ್ಳಗಿನ ತೆಳು ಎಳೆ. ಬ್ಯಾಗಿನಿಂದ ಚಿಕ್ಕ ಆಯಸ್ಕಾಂತ ತೆಗೆದು ಹಿಡಿದಳು. ಕಪ್ಪು ಗೆರೆಗೆ ಟಕ್ ಅಂತ ಕಚ್ಚಿಕೊಂಡಿತು, ಕೆಂಪಿನ ಮೇಲಿಂದ ಜಾರಿತು.

ಈ ಬಾಬಾಬುಡನ್ ಸಾಲಿನ ಪಟ್ಟೆಕಲ್ಲಿಗೆ ಸುಮಾರು 270 ಕೋಟಿ ವರ್ಷ. ಆಗಿನ ಸಮುದ್ರದಲ್ಲಿ ಆಮ್ಲಜನಕ ಹೆಚ್ಚುಕಮ್ಮಿ ಇರಲಿಲ್ಲ. ಹಾಗಾಗಿ ಕಬ್ಬಿಣ ನೀರಲ್ಲಿ ಕರಗಿಕೊಂಡು ಹಾಯಾಗಿತ್ತು. ಮೇಲ್ಭಾಗದಲ್ಲಿ ಎಲ್ಲಿ ತುಕ್ಕು ಹಿಡಿಯಿತೋ ಅಲ್ಲಿ ಪುಟ್ಟ ಪುಟ್ಟ ಕಣವಾಗಿ ತಳಕ್ಕೆ ಇಳಿಯಿತು. ಮರಳಿನಲ್ಲಿರುವ ಸಿಲಿಕಾ ಕೂಡ ಜೊತೆಗೆ ಇಳಿಯಿತು. ಬೆಳ್ಳಗಿನ ಎಳೆ ಅದೇ. ಅಂದರೆ ನಾವು ನಿಂತಿದ್ದು ಮುಳುಗಿದ ಕಣಗಳ ರಾಶಿಯ ಮೇಲೆ.

"ಈಗಲೂ ಹಂಗೇ ಬೀಳ್ತಾ ಇರುತ್ತಾ?" ಅಂತ ಕೇಳಿದೆ.

"ಬೀಳುತ್ತೆ ಮಾವ. ಆದ್ರೆ ಬೀಳೋಕೆ ಉಳಿದಿರೋದೇ ಸ್ವಲ್ಪ."

ಎಷ್ಟು ಸ್ವಲ್ಪ ಅಂದರೆ, ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ. ನಡುಗಡಲಿನ ಒಂದು ಲೀಟರ್ ನೀರಿನಲ್ಲಿ ಕರಗಿದ ಕಬ್ಬಿಣ ಅಂಥ ಐದರಿಂದ ಐವತ್ತು ಪಾಲು ಇದ್ದರೆ ಹೆಚ್ಚು. ಇದನ್ನು ಅಳೆಯುವ ಪಾಡು ಕೇಳಿ ನಗು ಬಂತು. ಹಡಗೇ ಕಬ್ಬಿಣದ್ದು, ಅದರ ಮೇಲೆ ಕೂತು ನೀರಲ್ಲಿರುವ ಕಬ್ಬಿಣ ಹುಡುಕಬೇಕು! ಅದಕ್ಕೇ ಲೋಹ ಸೋಕದ ಹಗ್ಗ, ಆಸಿಡ್‌ನಲ್ಲಿ ತೊಳೆದ ಬಾಟಲಿ, ಪ್ಲಾಸ್ಟಿಕ್ ಹೊದಿಸಿದ ಕೋಣೆ.

ಲೋಹವನ್ನು ಕೆಳಗೆ ಒಯ್ಯುವವರು ಯಾರು? ಸತ್ತ ಪಾಚಿ, ಅದನ್ನು ತಿನ್ನುವ ತೀರಾ ಸಣ್ಣ ಪ್ರಾಣಿಗಳ ಹಿಕ್ಕೆ, ಮರುಭೂಮಿಯಿಂದ ಹಾರಿ ಬಂದ ಧೂಳು. ಇವೆಲ್ಲ ಒಂದಕ್ಕೊಂದು ಅಂಟಿಕೊಂಡು ದಿನಕ್ಕೆ ಹತ್ತಾರು ಮೀಟರ್, ಕೆಲವು ಸಲ ನೂರಿನ್ನೂರು ಮೀಟರ್ ಇಳಿಯುತ್ತವೆ. ಇಳಿಯುವಾಗ ಸುತ್ತಲಿನ ನೀರಲ್ಲಿರುವ ಲೋಹವನ್ನೂ ಮೈಗೆ ಹತ್ತಿಸಿಕೊಳ್ಳುತ್ತವೆ. ನನಗೆ ಇಷ್ಟವಾದದ್ದು ಲೋಹಗಳ ಬೇರೆ ಬೇರೆ ಗುಣ. ಸತು, ಕ್ಯಾಡ್ಮಿಯಂ ಪಾಚಿಯ ಹೊಟ್ಟೆಯೊಳಗೇ ಹೋಗುತ್ತವೆ. ಆಳದಲ್ಲಿ ಬ್ಯಾಕ್ಟೀರಿಯಾ ಆ ಕಣವನ್ನು ತಿಂದಾಗ ಬಿಡುಗಡೆಯಾಗಿ ನೀರಿಗೆ ವಾಪಸ್. ಹಾಗಾಗಿ ಅವು ಮೇಲೆ ಕಡಿಮೆ, ಕೆಳಗೆ ಜಾಸ್ತಿ. ಸೀಸ, ಥೋರಿಯಂ ಹಾಗಲ್ಲ, ಸಿಕ್ಕಿದ ಕಣಕ್ಕೆ ಅಂಟುವುದೇ ಅವುಗಳ ಕೆಲಸ. ಕಬ್ಬಿಣ ಎರಡನ್ನೂ ಮಾಡುತ್ತದೆ. ಬಿಡಿಸಿಕೊಳ್ಳುತ್ತದೆ, ಇನ್ನೊಂದು ಕಣಕ್ಕೆ ಮತ್ತೆ ಸಿಕ್ಕಿಬೀಳುತ್ತದೆ.

ಬೀಳುವುದನ್ನು ಹಿಡಿಯೋಕೆ ಆಳದಲ್ಲಿ ದೊಡ್ಡ ಆಲಿಕೆ ಕಟ್ಟಿ ಬಿಡುತ್ತಾರೆ. ಅದರ ಬುಡದಲ್ಲಿ ಸಾಲಾಗಿ ಬಾಟಲಿಗಳು. ಇಷ್ಟು ದಿನಕ್ಕೆ ಒಂದು ಅಂತ ತಾವಾಗಿಯೇ ತಿರುಗುತ್ತವೆ. 1986ರಿಂದ ಭಾರತ ಮತ್ತು ಜರ್ಮನಿಯ ವಿಜ್ಞಾನಿಗಳು ಅರಬ್ಬೀ ಸಮುದ್ರದಲ್ಲಿ ಹೀಗೆ ಕಟ್ಟಿ ನೋಡಿದರು. ಮುಂಗಾರಿನಲ್ಲಿ ಬಾಟಲಿಗೆ ಬೀಳುವುದು ಜಾಸ್ತಿಯಾಯಿತು. ಗಾಳಿ ನೀರನ್ನು ಕಲಕುತ್ತದೆ, ತಳದ ಗೊಬ್ಬರ ಮೇಲೆ ಬರುತ್ತದೆ, ಪಾಚಿ ಹಬ್ಬುತ್ತದೆ, ಆಮೇಲೆ ಉದುರುತ್ತದೆ. ಆಗುಂಬೆಯಲ್ಲಿ ಸುರಿಯುವ ಮುಂಗಾರಿಗೆ ಕಡಲಿನ ಆಳದಲ್ಲೂ ಒಂದು ಹಂಗಾಮು ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ರಸ್ತೆ ಬದಿಯ ಚರಂಡಿಯಲ್ಲಿ ಕೆಂಪು ನೀರು ಹರಿಯುತ್ತಿತ್ತು. ಕಡಲಿನ ಪಾಚಿ ಬೆಳೆಯೋಕೆ ಕಬ್ಬಿಣ ಬೇಕಂತೆ. ಇದಾದರೂ ಸಮುದ್ರಕ್ಕೆ ಕಬ್ಬಿಣ ಕೊಡುತ್ತದಲ್ವಾ ಅಂದೆ. ಅವಳು ತಲೆ ಅಲ್ಲಾಡಿಸಿದಳು. ಹೆಬ್ಬೆ ಕಡೆ ಇಳಿದ ನೀರು ಭದ್ರೆಗೆ ಸೇರುತ್ತದೆ. ಮೊದಲು ಲಕ್ಕವಳ್ಳಿ ಅಣೆಕಟ್ಟು, ಆಮೇಲೆ ಹೊಸಪೇಟೆ, ಶ್ರೀಶೈಲ, ನಾಗಾರ್ಜುನಸಾಗರ. ಹೂಳೆಲ್ಲ ಅಲ್ಲಲ್ಲೇ ಕೂರುತ್ತದೆ. ಇನ್ನು ನೀರಿನ ಜೊತೆ ಕೃಷ್ಣೆಯ ಅಳಿವೆಯವರೆಗೆ ಹೋದ ಕಬ್ಬಿಣಕ್ಕೂ ಉಪ್ಪು ನೀರು ಸಿಕ್ಕ ಕೂಡಲೇ, ಕದಡಿದ ನೀರಿಗೆ ಪಟಿಕ ಹಾಕಿದ ಹಾಗೆ, ಬಹುಪಾಲು ಗಂಟು ಕಟ್ಟಿ ತಳ ಸೇರುವುದೇ ಗತಿ.

"ಹಂಗಾದ್ರೆ ಈ ಗುಡ್ಡನೇ ಪುಡಿ ಮಾಡಿ ಹಡಗಲ್ಲಿ ಒಯ್ದು ಸುರಿದ್ರೆ?"

"ಕರಗೋ ಮೊದಲೇ ಮುಳುಗಿ ಹೋಗುತ್ತೆ ಮಾವ. ಗುಡ್ಡ ಇಲ್ಲೇ ಇರ್ಲಿ ಬಿಡಿ."

ಕರಗುವ ಕಬ್ಬಿಣ ಸುರಿದು ನೋಡಿದ್ದೂ ಉಂಟು. 2009ರಲ್ಲಿ ಭಾರತ, ಜರ್ಮನಿ ಸೇರಿ ಅಂಟಾರ್ಕ್ಟಿಕಾದ ಕಡೆಯ ಸಾಗರದಲ್ಲಿ, ಸುಮಾರು 300 ಚದರ ಕಿಲೋಮೀಟರ್ ಜಾಗದಲ್ಲಿ ಕಬ್ಬಿಣದ ಸಲ್ಫೇಟ್ ಹಾಕಿದರು. ಲೋಹಾಫೆಕ್ಸ್ ಅಂತ ಅದರ ಹೆಸರು. ಪಾಚಿಯೇನೋ ಬೆಳೆಯಿತು. ಆದರೆ ಆ ನೀರಲ್ಲಿ ಸಿಲಿಕಾ ತೀರಾ ಕಡಿಮೆ ಇತ್ತು, ಹಾಗಾಗಿ ಸಿಲಿಕಾದಿಂದ ಗಟ್ಟಿ ಚಿಪ್ಪು ಕಟ್ಟುವ ಡಯಾಟಮ್ ಎಂಬ ಪಾಚಿಗಳು ಹೆಚ್ಚಲಿಲ್ಲ. ಬೆಳೆದ ಮೆತ್ತನೆ ಪಾಚಿಯನ್ನು ಸಣ್ಣ ಪ್ರಾಣಿಗಳು ಮೇಲೆಯೇ ಮುಗಿಸಿಬಿಟ್ಟವು. ಆಳಕ್ಕೆ ಇಳಿದದ್ದು ತೀರಾ ಕಡಿಮೆ.