ಕತ್ತಿನ ಗಂಟು ಕರಗೋಕೆ ಮಾತ್ರೆ ಇದೆಯಾ?

ಮಂಡ್ಯದಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. "ಅಣ್ಣ, ಕತ್ತಲ್ಲೊಂದು ಗಂಟು ಬಂದೈತೆ. ಕರಗೋಕೆ ಏನಾದ್ರೂ ಕೊಡಿ." ಡಾಕ್ಟರಿಗೆ ತೋರಿಸಿದ್ರಾ ಅಂದರೆ, "ನೋವೇ ಇಲ್ವಲ್ಲ, ಅದಕ್ಯಾಕೆ ಡಾಕ್ಟರು?" ಅನ್ನುತ್ತಾರೆ.

ನೋವಿಲ್ಲದೆ ವಾರಗಟ್ಟಲೆ ಕೂತಿರುವ ಗಂಟನ್ನೇ ಮೊದಲು ತೋರಿಸಬೇಕು. ಇದು ನನ್ನ ಉತ್ತರ.

ನೋಯುವ ಗಂಟು ಬಹಳ ಸಲ ಸೋಂಕಿನದು. ಗಂಟಲು ಕೆಟ್ಟರೆ, ಹಲ್ಲು ಹುಳುಕಾದರೆ, ಮಕ್ಕಳು ಹೇನಿಗೆ ತಲೆ ಕೆರೆದು ಗಾಯ ಮಾಡಿಕೊಂಡರೆ ಕತ್ತಿನ ಲಿಂಫ್ ಗ್ರಂಥಿಗಳು ಊದುತ್ತವೆ. ಸೋಂಕಿನ ಜೊತೆ ಗುದ್ದಾಡುವುದೇ ಅವುಗಳ ಕೆಲಸ. ಸಾಮಾನ್ಯವಾಗಿ ಎರಡು ವಾರದೊಳಗೆ ಇಳಿಯುತ್ತಾ ಬರುತ್ತವೆ. ಎರಡು ಮೂರು ವಾರವಾದರೂ ಇಳಿಯದಿದ್ದರೆ, ದಪ್ಪವಾಗುತ್ತಿದ್ದರೆ, ಮುಟ್ಟಿದರೆ ಗಟ್ಟಿಯಾಗಿ ಅಲುಗಾಡದೆ ಇದ್ದರೆ ಡಾಕ್ಟರ್ ಹತ್ತಿರ ಹೋಗಿ. ಕಾಲರ್ ಮೂಳೆಯ ಮೇಲಿನ ಗುಳಿಯಲ್ಲಿ ಗಂಟು ಸಿಕ್ಕರಂತೂ ವಾರ ಎಣಿಸುತ್ತಾ ಕೂರಬೇಡಿ.

ನಮ್ಮ ಕಡೆ ಮರೆಯಬಾರದ ಕಾಯಿಲೆ ಟಿಬಿ. ಅದು ಶ್ವಾಸಕೋಶಕ್ಕೆ ಮಾತ್ರ ಬರುತ್ತದೆ ಅಂದುಕೊಂಡವರೇ ಜಾಸ್ತಿ. ಹಿರಿಯರು ಗಂಡಮಾಲೆ ಅನ್ನುತ್ತಿದ್ದುದು ಹೆಚ್ಚಾಗಿ ಕತ್ತಿನ ಟಿಬಿಯೇ. ಬಹಳ ಸಲ ಕೆಮ್ಮೇ ಇರುವುದಿಲ್ಲ. ಒಂದಕ್ಕೊಂದು ಅಂಟಿಕೊಂಡ ಗಂಟುಗಳು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು. ಕೆಲವರಿಗೆ ಗಂಟು ಬಿಟ್ಟು ಬೇರೇನೂ ಇರುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಸಾಮಾನ್ಯವಾಗಿ 6 ತಿಂಗಳ ಕೋರ್ಸ್, ಪೂರ್ತಿ ಮಾಡಿದರೆ ವಾಸಿಯಾಗುತ್ತದೆ.

ನಲವತ್ತು ದಾಟಿದವರು, ಅದರಲ್ಲೂ ಬೀಡಿ, ಹೊಗೆಸೊಪ್ಪು, ಗುಟ್ಕಾ ಇರುವವರು, ಬಾಯಿಯನ್ನೂ ತೋರಿಸಬೇಕು. ನಾಲಿಗೆ ಪಕ್ಕದ ವಾಸಿಯಾಗದ ಹುಣ್ಣು ಕ್ಯಾನ್ಸರ್ ಆಗಿದ್ದರೆ, ಅದು ಕತ್ತಿನ ಗಂಟಾಗಿ ಮೊದಲು ಕಾಣಿಸಿಕೊಳ್ಳಬಹುದು. ಧ್ವನಿ ಒಡೆದು ವಾರಗಟ್ಟಲೆ ಸರಿಹೋಗದಿದ್ದರೂ ಅಷ್ಟೇ. ಇನ್ನು ಎಂಜಲು ನುಂಗಿದಾಗ ಮೇಲೆ ಕೆಳಗೆ ಆಡುವ ಊತ ಹೆಚ್ಚಾಗಿ ಥೈರಾಯ್ಡ್‌ದು. ರಕ್ತ ಪರೀಕ್ಷೆ, ಬೇಕಾದರೆ ಸ್ಕ್ಯಾನಿಂಗ್.

ಜನ ಹೆದರುವುದು ಸೂಜಿ ಪರೀಕ್ಷೆಗೆ. "ಚುಚ್ಚಿದ್ರೆ ಗಂಟು ಕೆರಳುತ್ತಂತೆ, ಕ್ಯಾನ್ಸರ್ ಹರಡುತ್ತಂತೆ" ಅಂತ ಬಸರಾಳಿನಿಂದ ಬಂದವರೂ ಹೇಳುತ್ತಾರೆ, ಬ್ಯಾಂಕ್ ಕೆಲಸದವರೂ ಹೇಳುತ್ತಾರೆ. ಎಫ್‌ಎನ್‌ಎಸಿ ಅಂದರೆ ಇಷ್ಟೇ: ಸಣ್ಣ ಸೂಜಿ ಚುಚ್ಚಿ, ಗಂಟಿನಿಂದ ಒಂದೆರಡು ಹನಿ ಎಳೆದು, ಗಾಜಿನ ಸ್ಲೈಡಿನ ಮೇಲೆ ಸವರಿ ನೋಡುತ್ತಾರೆ. ಚುಚ್ಚಿದ್ದರಿಂದ ಕತ್ತಿನ ಗಂಟು ಕ್ಯಾನ್ಸರ್ ಆಗುವುದಿಲ್ಲ. ಸೂಜಿಗೆ ಹೆದರಿ ತಿಂಗಳುಗಟ್ಟಲೆ ಸುಣ್ಣ ಹಚ್ಚುವುದು, ಬರೆ ಹಾಕಿಸುವುದು, ಉಜ್ಜುವುದು, ಇವುಗಳಿಂದಲೇ ತೊಂದರೆ ಜಾಸ್ತಿ.

ಮತ್ತೊಂದು ಕಾಟ ಸ್ಟಿರಾಯ್ಡ್ ಮಾತ್ರೆ. ಪಕ್ಕದ ಮನೆಯವರಿಗೆ ಇಳಿಯಿತಂತೆ, ಅದನ್ನೇ ಕೊಡಿ ಅನ್ನುತ್ತಾರೆ. ಗಂಟು ಇಳಿಯಲೂಬಹುದು. ಅದೇ ಅಪಾಯ. ಲಿಂಫೋಮಾ, ಅಂದರೆ ಲಿಂಫ್ ಗ್ರಂಥಿಯ ಕ್ಯಾನ್ಸರ್ ಇದ್ದರೆ ಅದೂ ಸ್ವಲ್ಪ ದಿನ ಕುಗ್ಗಿ, ಆಮೇಲೆ ಪರೀಕ್ಷೆಯಲ್ಲಿ ಗುರುತು ಸಿಗುವುದು ಕಷ್ಟವಾಗುತ್ತದೆ. ಕೆಲವು ಆ್ಯಂಟಿಬಯೋಟಿಕ್‌ಗಳು ಟಿಬಿಯನ್ನೂ ಹೀಗೆಯೇ ಮರೆಮಾಡುತ್ತವೆ. ಅದಕ್ಕೇ ಚೀಟಿ ಇಲ್ಲದೆ ಕೊಡಲ್ಲ. ಬೈದುಕೊಂಡು ಪಕ್ಕದ ಅಂಗಡಿಗೆ ಹೋಗುವವರು ಹೋಗುತ್ತಾರೆ, ಏನು ಮಾಡೋದು.

ಉಸಿರಾಟ ಕಷ್ಟವಾದರೆ, ಎಂಜಲು ನುಂಗಲಾಗದೆ ಸೋರುತ್ತಿದ್ದರೆ, ಹಲ್ಲುನೋವಿನ ಹಿಂದೆಯೇ ಗದ್ದದ ಕೆಳಗೆ ಬಿರುಸಾಗಿ ಊದಿ ಬಾಯಿ ತೆರೆಯಲಾಗದಿದ್ದರೆ ಬೆಳಗಾಗಲಿ ಅನ್ನಬೇಡಿ. 108ಕ್ಕೆ ಫೋನ್ ಮಾಡಿ.

ಉಳಿದವರು ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನ ಇಎನ್‌ಟಿ (ಕಿವಿ, ಮೂಗು, ಗಂಟಲು) ವಿಭಾಗಕ್ಕೆ ಹೋಗಬಹುದು, ಮೈಸೂರು ಹತ್ತಿರವಾದರೆ ಕೆ.ಆರ್. ಆಸ್ಪತ್ರೆಗೆ. ಅಲ್ಲಿವರೆಗೆ ಏನೇನು ಮಾತ್ರೆ ನುಂಗಿದ್ದೀರೋ, ಆ ಖಾಲಿ ಸ್ಟ್ರಿಪ್‌ಗಳನ್ನು ಎಸೆಯದೆ ಜೊತೆಗೆ ತೆಗೆದುಕೊಂಡು ಹೋಗಿ.