96 ಸೋಪು, ಲೆಕ್ಕವಿಲ್ಲದಷ್ಟು ಚುಕ್ಕೆ

ಇಷ್ಟು ದಿನ ಏನೂ ಬರೆಯಲಿಲ್ಲ. ಬರೆಯುವ ಮನಸ್ಸೇ ಇರಲಿಲ್ಲ. ನಾನು ಕೈಯಾರೆ ಮಾಡಿದ ಸೋಪಿನ ನಾಲ್ಕು ಬ್ಯಾಚ್, ಒಂದೊಂದರಲ್ಲಿ 24, ಒಟ್ಟು 96 ಸೋಪು ಕಿತ್ತಳೆ ಚುಕ್ಕೆ ಎದ್ದು ಹಾಳಾದವು. ಅದೂ ಲೇಬಲ್ ಸುತ್ತಿ, ಮಾರಾಟಕ್ಕೆ ಅಂತ ಜೋಡಿಸಿಟ್ಟ ಮೇಲೆ. ಗಿರಾಕಿಯೊಬ್ಬರು ಫೋಟೊ ಕಳಿಸಿ, "ಇದು ಡಿಸೈನಾ?" ಅಂತ ಕೇಳಿದರು. ಹೌದು ಅಂದುಬಿಡೋಣ ಅಂತ ಒಂದು ಕ್ಷಣ ಅನಿಸಿದ್ದು ಸುಳ್ಳಲ್ಲ.

ರೆಸಿಪಿ ಹಳೆಯದೇ. ನೂರಕ್ಕೆ ಆಲಿವ್ 40, ಕೊಬ್ಬರಿ ಎಣ್ಣೆ 30, ಸೂರ್ಯಕಾಂತಿ 20, ಹರಳೆಣ್ಣೆ 10. ಸೂಪರ್‌ಫ್ಯಾಟ್, ಅಂದರೆ ಸೋಪಾಗದೆ ಉಳಿಯಲಿ ಅಂತ ಬಿಡುವ ಎಣ್ಣೆ, ನೂರಕ್ಕೆ 5. ಲೈ (ಕಾಸ್ಟಿಕ್ ಸೋಡಾ ನೀರು) ಕಲಸಿದ್ದು, ಟ್ರೇಸ್ ಬಂದದ್ದು (ಮಿಶ್ರಣ ಮಂದವಾದದ್ದು) ಎಲ್ಲ ಎಂದಿನಂತೆ, ಅದನ್ನು ಬಿಡಿ. ಎರಡು ವರ್ಷ ಇದೇ ರೆಸಿಪಿಯಲ್ಲಿ ಮಾಡಿದ್ದೇನೆ, ಒಂದು ಚುಕ್ಕೆಯೂ ಬಂದಿರಲಿಲ್ಲ. ಹಾಗಾಗಿ ರೆಸಿಪಿಯ ಮೇಲೆ ಅನುಮಾನವೇ ಬರಲಿಲ್ಲ. ಮೊದಲು ಪರಿಮಳದ ಎಣ್ಣೆಯನ್ನು ಬೈದೆ. ಆಮೇಲೆ ಹವೆಯನ್ನು ಬೈದೆ. ನೀರು ಡಿಸ್ಟಿಲ್ಡ್, ಅದನ್ನು ಬೈಯುವಂತಿರಲಿಲ್ಲ.

ಸುಳಿವು ಸಿಕ್ಕಿದ್ದು ಎಸೆಯುವ ದಿನ. ಹಾಳಾದ ಸೋಪುಗಳ ಲೇಬಲ್ ಬಿಚ್ಚಿ ಮೇಜಿನ ಮೇಲೆ ಮಗುಚಿ ಇಡುತ್ತಿದ್ದೆ. ಅಡಿಭಾಗದ ಚುಕ್ಕೆಗಳು ಚೆಲ್ಲಾಪಿಲ್ಲಿಯಾಗಿ ಇರಲಿಲ್ಲ. ಸಾಲಾಗಿದ್ದವು! ಒಂದೊಂದು ಸೋಪಿನಡಿ ಮೂರು ಗೆರೆ, ಸ್ಕೇಲ್ ಇಟ್ಟು ಎಳೆದ ಹಾಗೆ. ಒಂದು ಸೋಪನ್ನು ಹಿಡಿದುಕೊಂಡು ಹೋಗಿ ಒಣಗಿಸುವ ರ‍್ಯಾಕಿನ ಮೇಲೆ ಇಟ್ಟೆ. ಗೆರೆಗೂ ತಂತಿಗೂ ಸರಿಯಾಗಿ ಕೂತಿತು. ತಂತಿಯ ಮೇಲೆ ಬೆರಳಾಡಿಸಿದರೆ ಹೊಳಪಿನ ಪದರ ಅಲ್ಲಲ್ಲಿ ಎದ್ದು, ಒಳಗಿನ ಕಬ್ಬಿಣ ಒರಟೊರಟಾಗಿ ತಾಗಿತು.

ಹವ್ಯಾಸವಾಗಿದ್ದಾಗ ನನ್ನ ಸೋಪು ಒಣಗುತ್ತಿದ್ದದ್ದು ಹಳೇ ಮರದ ಹಲಗೆಯ ಮೇಲೆ, ಕಾಗದ ಹಾಸಿ. ವ್ಯಾಪಾರ ಅಂದ ತಕ್ಷಣ ನಾನೇ ಉಮೇದಿನಿಂದ ನಾಲ್ಕು ತಂತಿ ರ‍್ಯಾಕ್ ತಂದಿದ್ದು. ಮೂರು ತಿಂಗಳಿಗೆ ಬಣ್ಣ ಬಿಟ್ಟಿವೆ. ಮಾರಿದವರು "ತುಕ್ಕು ಹಿಡಿಯೋ ಮಾತೇ ಇಲ್ಲ" ಅಂದಿದ್ದರು. ನಿಜ, ಅವರು ಈಗ ಆ ಮಾತೇ ಎತ್ತುವುದಿಲ್ಲ.

ಆದರೆ ಬರೀ ರ‍್ಯಾಕಿನ ತಪ್ಪಲ್ಲ. ಮೇಲ್ಭಾಗದಲ್ಲೂ ಚುಕ್ಕೆ ಇತ್ತು, ಅಲ್ಲಿ ತಂತಿ ಎಲ್ಲಿಂದ ಬರಬೇಕು? ಎಣ್ಣೆಯ ಬಿಲ್ಲುಗಳನ್ನೆಲ್ಲ ಹರಡಿಕೊಂಡು ಕೂತೆ. ಹಳೆಯ ಬಿಲ್ಲಿನಲ್ಲಿ 'ಹೈ ಓಲಿಯಿಕ್ ಸೂರ್ಯಕಾಂತಿ' ಅಂತಿದೆ. ದೊಡ್ಡ ಡಬ್ಬ ತರಿಸಿದಾಗಿನದರಲ್ಲಿ ಬರೀ 'ಸೂರ್ಯಕಾಂತಿ'. ಎಣ್ಣೆ ಮಾರಿದವರಿಗೆ ಫೋನ್ ಮಾಡಿದೆ. "ಎಲ್ಲಾ ಒಂದೇ ಅಲ್ವಾ ಮೇಡಂ" ಅಂದರು. ಒಂದೇ ಅಲ್ಲ! ಹೈ ಓಲಿಯಿಕ್ ಅಂದರೆ ಓಲಿಯಿಕ್ ಅನ್ನುವ ಕೊಬ್ಬಿನಾಮ್ಲ ಜಾಸ್ತಿ ಇರುವ ಎಣ್ಣೆ. ಮಾಮೂಲಿ ಸೂರ್ಯಕಾಂತಿಯಲ್ಲಿ ಸಾಮಾನ್ಯವಾಗಿ ಲಿನೋಲೆಯಿಕ್ ಅನ್ನುವ ಇನ್ನೊಂದು ಕೊಬ್ಬಿನಾಮ್ಲವೇ ಅರ್ಧಕ್ಕಿಂತ ಜಾಸ್ತಿ. ಗಾಳಿ ತಾಗಿದರೆ ಅದು ಓಲಿಯಿಕ್‌ಗಿಂತ ಎಷ್ಟೋ ಬೇಗ ಕಮಟುತ್ತದೆ. ಕಬ್ಬಿಣವೋ ತಾಮ್ರವೋ ಒಂಚೂರು ಸೇರಿದರೆ ಇನ್ನೂ ಬೇಗ. ಆ ಕಿತ್ತಳೆ ಚುಕ್ಕೆ ಎಣ್ಣೆ ಕಮಟಿದ ಗುರುತು. ಎರಡು ಎಣ್ಣೆಗೂ ಲೈ ಲೆಕ್ಕ ಹೆಚ್ಚುಕಡಿಮೆ ಒಂದೇ. ಅದಕ್ಕೇ ಪಾತ್ರೆಯಲ್ಲಿ ಏನೂ ಗೊತ್ತಾಗಲಿಲ್ಲ. ಅಷ್ಟು ಸಾಲದು ಅಂತ ಆ ಡಬ್ಬದ ಮುಚ್ಚಳವನ್ನು ವಾರಕ್ಕೆರಡು ಸಲ ತೆಗೆದು ಗಾಳಿ ಕುಡಿಸಿದ್ದೂ ನಾನೇ.

ಇಲ್ಲಿ ಒಂದು ವಿಷಯ ತಲೆ ತಿನ್ನುತ್ತಿದೆ. ಮೊದಲು ಹತ್ತು ಸೋಪು ಮಾಡಿ ನೆಂಟರಿಗೆ, ಗೆಳತಿಯರಿಗೆ ಹಂಚುತ್ತಿದ್ದೆ. ಎಲ್ಲ ಬಚ್ಚಲಲ್ಲಿ ಕರಗಿ ಹೋಗುತ್ತಿದ್ದವು. ನನ್ನ ಒಂದು ಸೋಪೂ ನಾಲ್ಕನೇ ತಿಂಗಳು ಕಂಡಿರಲಿಲ್ಲ. ಚುಕ್ಕೆ ಬರಲಿಲ್ಲ ಅಂತ ಬೀಗುತ್ತಿದ್ದೆನಲ್ಲ, ಬರೋಕೆ ಪುರುಸೊತ್ತೇ ಕೊಟ್ಟಿರಲಿಲ್ಲ.

ಸರಿ, ಮದ್ದು. ಸಿಟ್ರಿಕ್ ಆಮ್ಲ ಹಾಕಿದರೆ ಲೈ ಜೊತೆ ಸೇರಿ ಸೋಡಿಯಂ ಸಿಟ್ರೇಟ್ ಆಗುತ್ತದೆ, ಅದು ಲೋಹದ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. 1000 ಗ್ರಾಂ ಎಣ್ಣೆಗೆ 10 ಗ್ರಾಂ ಹಾಕಿದೆ. ಬಾರ್ ಮೆತ್ತಗೆ ಬಂತು. ಎರಡನೇ ದಿನವೂ ಅಚ್ಚು ಬಿಡಲಿಲ್ಲ, ಎಳೆದರೆ ಮೂಲೆ ಕಿತ್ತು ಬಂತು. ಹಣೆ ಚಚ್ಚಿಕೊಂಡೆ. 10 ಗ್ರಾಂ ಸಿಟ್ರಿಕ್ 6.24 ಗ್ರಾಂ ಕಾಸ್ಟಿಕ್ ಸೋಡಾ ತಿನ್ನುತ್ತದೆ. ಅಷ್ಟನ್ನು ಮೇಲೆ ಸೇರಿಸಬೇಕಿತ್ತು, ಮರೆತಿದ್ದೆ. ನನ್ನ ರೆಸಿಪಿಗೆ ಲೆಕ್ಕ ಹಾಕಿದರೆ ಸುಮಾರು 42 ಗ್ರಾಂ ಎಣ್ಣೆ ಸೋಪಾಗದೆ ಉಳಿದುಬಿಟ್ಟಿದೆ. ಅಂದರೆ ಸೂಪರ್‌ಫ್ಯಾಟ್ 5 ಹೋಗಿ 9. ಕಮಟದಿರಲಿ ಅಂತ ಮದ್ದು ಹಾಕಿ, ಕಮಟೋಕೆ ಇನ್ನಷ್ಟು ಎಣ್ಣೆ ಒದಗಿಸಿದ್ದೆ. ಆ ಬ್ಯಾಚಿಗೆ ನೋಟ್‌ಬುಕ್ಕಿನಲ್ಲಿ ಬರೆದಿರುವ ಹೆಸರು ಇಲ್ಲಿ ಬೇಡ.

ಎರಡನೇ ಸಲ ಸರಿಯಾಗಿ ಮಾಡಿದೆ. ಅದೇ ಮಾಮೂಲಿ ಸೂರ್ಯಕಾಂತಿ ಎಣ್ಣೆ, ಬೇಕಂತಲೇ. ಸಿಟ್ರಿಕ್ ಹಾಕಿದ್ದು 12, ಹಾಕದ್ದು 12. ಎರಡರಲ್ಲೂ ಆರು ಸೋಪು ತಂತಿಯ ಮೇಲೆ, ಆರು ಸೋಪು ಕಾಗದ ಹಾಸಿದ ಪ್ಲಾಸ್ಟಿಕ್ ಟ್ರೇ ಮೇಲೆ. ಬೆಚ್ಚಗಿನ ಕಪಾಟಿನಲ್ಲಿಟ್ಟು ಹತ್ತು ವಾರ ಕಾದೆ. ಸಿಟ್ರಿಕ್ ಇಲ್ಲದೆ ತಂತಿಯ ಮೇಲಿದ್ದ ಆರಕ್ಕೆ ಆರೂ ಚುಕ್ಕೆ. ಸಿಟ್ರಿಕ್ ಇಲ್ಲದೆ ಕಾಗದದ ಮೇಲಿದ್ದ ಆರರಲ್ಲಿ ಎರಡಕ್ಕೆ. ಸಿಟ್ರಿಕ್ ಹಾಕಿ ತಂತಿಯ ಮೇಲಿದ್ದ ಆರರಲ್ಲಿ ಒಂದಕ್ಕೆ. ಸಿಟ್ರಿಕ್ ಮತ್ತು ಕಾಗದ ಎರಡೂ ಇದ್ದಲ್ಲಿ ಸೊನ್ನೆ. ಆರಾರು ಸೋಪಿನಿಂದ ವಿಜ್ಞಾನ ಆಗುವುದಿಲ್ಲ, ಗೊತ್ತು. ಆದರೂ ಆ ಸೊನ್ನೆ ನೋಡಿ ಕುಣಿದೆ.

ಈಗ ಎಣ್ಣೆಯೂ ಬದಲಾಗಿದೆ. ಹೊಸ ಕಡೆಯವರು ಎಣ್ಣೆಯಲ್ಲಿ ಏನೇನಿದೆ ಅನ್ನುವ ಅನಾಲಿಸಿಸ್ ಸರ್ಟಿಫಿಕೇಟ್ ಕಳಿಸುತ್ತಾರೆ, ಕೇಳಿದ ಒಂಬತ್ತು ದಿನಕ್ಕೆ. ಡಬ್ಬ ಬಂದ ದಿನವೇ ಸಣ್ಣ ಬಾಟಲಿಗಳಿಗೆ ಕಂಠದವರೆಗೆ ತುಂಬಿ ಕತ್ತಲಲ್ಲಿ ಇಡುತ್ತೇನೆ.

ಕಪಾಟು ಕಾಯುತ್ತಾ ಕೂತಿದ್ದಾಗ ಮಾಡಬಾರದ ಕೆಲಸ ಮಾಡಿದೆ, ಶೇವಿಂಗ್ ಸೋಪಿನ ಬಗ್ಗೆ ಓದಿದೆ. ಅರ್ಧದಷ್ಟು ಸ್ಟಿಯರಿಕ್ ಆಮ್ಲ (ಗಟ್ಟಿ ಕೊಬ್ಬಿನಾಮ್ಲ), ಕಾಸ್ಟಿಕ್ ಪೊಟ್ಯಾಶ್ (ಲೈ ಮಾಡುವ ಇನ್ನೊಂದು ಕ್ಷಾರ) ಹೆಚ್ಚು, ಕಾಸ್ಟಿಕ್ ಸೋಡಾ ಕಡಿಮೆ. ಪೊಟ್ಯಾಶ್‌ಗೆ ಲೆಕ್ಕ ಕಾಸ್ಟಿಕ್ ಸೋಡಾದ 1.403 ಪಟ್ಟು, ಜೊತೆಗೆ ಅದರ ಶುದ್ಧತೆ ಬೇರೆ ನೋಡಿಕೊಳ್ಳಬೇಕು. ಸ್ಟಿಯರಿಕ್ ಬಿದ್ದ ಕ್ಷಣಕ್ಕೇ ಗಟ್ಟಿಯಾಗುತ್ತೆ, ಹಾಗಾಗಿ ಕಾಯಿಸಿ ಮಾಡುವ ಬಿಸಿ ವಿಧಾನವೇ ಗತಿ. ಮುಖ್ಯವಾಗಿ, ಅದರಲ್ಲಿ ಸೂರ್ಯಕಾಂತಿ ಬೇಕಾಗಿಲ್ಲ! ಹಳೇ ಸ್ಲೋ ಕುಕ್ಕರ್ ಒರೆಸಿ ಇಟ್ಟಿದ್ದೇನೆ. ಮನೆಯವರು ನೋಡಿಯೂ ನೋಡದಂತೆ ಇದ್ದಾರೆ.

ವ್ಯಾಪಾರದ ಲೆಕ್ಕ ಮಾತ್ರ ಕೆಟ್ಟಿದೆ. ನಾಲ್ಕು ರ‍್ಯಾಕಿನಲ್ಲಿ 240 ಸೋಪು ಹಿಡಿಯುತ್ತಿದ್ದವು. ಆರು ವಾರ ಕ್ಯೂರಿಂಗ್ (ಒಣಗಿ ಹದವಾಗುವುದು) ಅಂದರೆ ವಾರಕ್ಕೆ 40 ಮಾರಬಹುದಿತ್ತು. ಅದೇ ಜಾಗದಲ್ಲಿ ಟ್ರೇ ಇಟ್ಟರೆ 150, ಅಂದರೆ ವಾರಕ್ಕೆ 25. ನನ್ನ ಕೈ ಎಷ್ಟು ಬೇಗ ಓಡಿದರೂ ಅಷ್ಟೇ, ಸೋಪು ಒಣಗುವ ಜಾಗವೇ ಅಂಗಡಿಯ ಗಾತ್ರ. ಕತ್ತರಿಸಿದಾಗ 112 ಗ್ರಾಂ ಇದ್ದದ್ದು ಆರು ವಾರಕ್ಕೆ 100ರ ಆಸುಪಾಸಿಗೆ ಬರುತ್ತದೆ, ಲೇಬಲ್ಲಿನಲ್ಲಿ ಆ ತೂಕ ಹಾಕುವುದರಿಂದ ಬೇಗ ಮಾರಿಬಿಡುವಂತೆಯೂ ಇಲ್ಲ. ಚಿಲ್ಲರೆ ಅಂಗಡಿಯವರೊಬ್ಬರು ತಿಂಗಳಿಗೆ 150 ಕೇಳಿದ್ದರು. ನಿನ್ನೆ 100ಕ್ಕೆ ಒಪ್ಪಿಸಿದೆ.

ಆ 96ನ್ನು ಕೊನೆಗೆ ಎಸೆಯದೆ, ತುರಿದು ಬಟ್ಟೆಗೆ ಬಳಸುತ್ತಿದ್ದೇವೆ. ಬಟ್ಟೆ ಚೆನ್ನಾಗಿ ಕೊಳೆ ಬಿಡುತ್ತೆ, ಮನೆಯೆಲ್ಲ ಹಳೇ ಎಣ್ಣೆ ವಾಸನೆ. ಬ್ಯಾಚ್ 27 ನಾಳೆ ಬೆಳಗ್ಗೆ ಕತ್ತರಿಸಬೇಕು. ಕಟರಿನ ತಂತಿ ತುಕ್ಕು ಹಿಡಿದಿದೆಯಾ ಅಂತ ಈಗಷ್ಟೇ ಟಾರ್ಚ್ ಹಿಡಿದು ನೋಡಿ ಬಂದೆ.